ಹೀರೇಬಳ್ಳಿ ಮತ್ತು ಮುಚ್ಚಿದ ಡಬ್ಬಿ

ಗೊತ್ತಿಲ್ಲದ್ದನ್ನು ಇನ್ನೊಬ್ಬರ ಬಳಿ ವಿಚಾರಿಸುವುದು ನನ್ನಿಂದಾಗದ ಕೆಲಸ. ಹಾವೇರಿಯ ಬಸ್ಸು ಯಾವುದೆಂದು ಪಕ್ಕದವರನ್ನು ಕೇಳುವ ಬದಲು, ನಿಂತ ಬಸ್ಸುಗಳ ಬೋರ್ಡನ್ನೆಲ್ಲ ಒಂದೊಂದಾಗಿ ಓದುತ್ತ ಹೋಗಿ, ನನ್ನ ಬಸ್ಸು ಕಣ್ಣೆದುರೇ ಹೊರಟುಹೋಗುವುದನ್ನು ಶಾಂತವಾಗಿ ನೋಡುತ್ತ ನಿಂತವಳು ನಾನು. ಇಂಥವಳು ತರಕಾರಿ ಬೆಳೆಯಲು ಹೊರಡಬಾರದಿತ್ತು. ಹೊರಟೆ. ಅದರ ವರದಿ ಇದು.

ನಾನಿರುವುದು ರಾಣೆಬೆನ್ನೂರಿನಲ್ಲಿ, ಮೊದಲ ಮಹಡಿಯ ಎರಡು ಬಾಡಿಗೆ ಕೋಣೆಗಳಲ್ಲಿ. ದಿನವೂ ಹಾವೇರಿಗೆ ಹೋಗಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ಬರುತ್ತೇನೆ. ಕೆಳಗಿನ ಮನೆಯಲ್ಲಿ ಒಡತಿ ಶಾಂತಕ್ಕ ಇದ್ದಾರೆ. ಮಾಳಿಗೆಯ ಮೇಲೆ ಕೆಲವು ಕುಂಡ ಇಡಲೇ ಎಂದು ಅವರನ್ನು ಕೇಳುವುದಕ್ಕೆ ನನಗೆ ಹದಿನೈದು ದಿನ ಬೇಕಾಯಿತು. ಅವರಿಗೆ ಉತ್ತರಿಸಲು ಅರ್ಧ ನಿಮಿಷವೂ ಬೇಕಾಗಲಿಲ್ಲ.

“ಇಡ್ರಿ ಮೇಡಮ್ಮಾರ, ಯಾರ್ ಬ್ಯಾಡ ಅಂತಾರ? ಆದ್ರ ಬ್ಯಾಡಗಿಯಿಂದ ವರ್ಷದ ಮೆಣಸಿನಕಾಯಿ ಬಂದ್ಮ್ಯಾಲೆ ಒಣಗಸಾಕ ನನಗ ಮಾಳಿಗಿ ಪೂರಾ ಬೇಕ. ಅಷ್ಟ್ರಾಗ ಒಂದ ಕಾಯರ ತೋರಿಸಿದ್ರ ನಿಮಗಷ್ಟು ಜಾಗಾ ಬಿಡ್ತೇನಿ. ಬರೇ ಎಲಿ ನೋಡಾಕ ನಾ ಜಾಗಾ ಕೊಡಂಗಿಲ್ಲ.”

ನ್ಯಾಯವಾದ ಕರಾರು. ಒಪ್ಪಿಕೊಂಡೆ.

ಸಾವಯವ ಕೈತೋಟದ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ಅವುಗಳಲ್ಲಿ ಮಣ್ಣು ಕಲಸುವುದಕ್ಕೂ ಬುಟ್ಟಿ ತುಂಬ ಟೊಮೆಟೊ ಹಿಡಿದು ನಗುವುದಕ್ಕೂ ನಡುವೆ ಒಂದು ತುಣುಕು ಸಂಗೀತ ಮಾತ್ರ ಇರುತ್ತದೆ. ನನ್ನ ಮಟ್ಟಿಗೆ ಆ ಸಂಗೀತದ ಅವಧಿ ಮೂರು ತಿಂಗಳು. ಮೂರು ಪಾಲು ಮಣ್ಣು, ಎರಡು ಪಾಲು ಗೊಬ್ಬರ, ಒಂದು ಪಾಲು ಮರಳನ್ನು ಪ್ರಯೋಗಾಲಯದ ನಿಷ್ಠೆಯಿಂದ ಅಳೆದು ಹಾಕಿದೆ. ಕೊತ್ತಂಬರಿ ಎರಡು ಎಲೆ ಬಿಟ್ಟು ನೇರ ಹೂವಿಗೆ ಹೋಯಿತು. ಟೊಮೆಟೊ ಎಲೆಗಳು ಮುದುಡಿಕೊಂಡವು. ಬದನೆಯ ಕುಡಿಯೊಳಗೆ ಹುಳುವೊಂದು ಬಾಡಿಗೆಯ ಮಾತೇ ಎತ್ತದೆ ವಾಸಕ್ಕೆ ಬಂತು. ಬೇವಿನೆಣ್ಣೆ ಸಿಂಪಡಿಸಿದರೆ ಹುಳು ಹೋಗುತ್ತದೆ ಎನ್ನುತ್ತಾರೆ. ಹೋಗುತ್ತದೆ, ಪಕ್ಕದ ಗಿಡಕ್ಕೆ.

ಜೀವಾಮೃತದ ಕಥೆಯನ್ನು ಹೇಳಲೇಬಾರದೆಂದಿದ್ದೆ. ಸೆಗಣಿ, ಗಂಜಳ, ಬೆಲ್ಲ, ಬೇಳೆ ಹಿಟ್ಟು, ಒಂದು ಹಿಡಿ ಮಣ್ಣು ಕಲಸಿ ಕೊಳೆಹಾಕಿದರೆ ಗಿಡಗಳಿಗೆ ಅಮೃತವಂತೆ. ಹೊಸರಿತ್ತಿಯಿಂದ ಬರುವ ಸಹೋದ್ಯೋಗಿಯೊಬ್ಬರು ಪಾಪ, ಗಂಜಳವನ್ನು ಐದು ಲೀಟರ್ ಕ್ಯಾನಿನಲ್ಲಿ ತಂದುಕೊಟ್ಟರು. ಅದನ್ನು ಕಾಲ ಸಂದಿಯಲ್ಲಿಟ್ಟುಕೊಂಡು ಸಂಜೆಯ ಬಸ್ಸಿನಲ್ಲಿ ಕುಳಿತೆ.

“ಏನೈತ್ರಿ ಕ್ಯಾನಿನ್ಯಾಗ?” ಎಂದರು ಕಂಡಕ್ಟರ್.

“ದ್ರವ” ಎಂದೆ.

“ಅದು ಕಾಣ್ತೈತಿ ಬಿಡ್ರಿ. ಎಂಥಾ ದ್ರವ?”

“ಸಾರಜನಕ ಇರುವಂಥದ್ದು.”

ಕಂಡಕ್ಟರ್ ಎರಡು ಹೆಜ್ಜೆ ಹಿಂದೆ ಸರಿದರು. ಪಕ್ಕದಲ್ಲಿದ್ದವರು ತಮ್ಮ ಮಗುವನ್ನು ಎತ್ತಿಕೊಂಡರು. ಕೊನೆಗೆ ಮುಚ್ಚಳವೇ ನನ್ನ ಪರವಾಗಿ ಒಂದಿಷ್ಟು ಸೋರಿ ಸತ್ಯ ಹೇಳಿತು. “ಆಕಳ ಗಂಜಳ ಅಂತ ಮೊದ್ಲ ಹೇಳಬಾರ್ದೇನ್ರಿ! ನಾ ಎಲ್ಲೋ ಆ್ಯಸಿಡ್ ಅಂತ ಗಾಬರಿ ಆಗಿದ್ದೆ” ಎಂದು ಅವರು ನಕ್ಕರು. ಅಲ್ಲಿಂದ ರಾಣೆಬೆನ್ನೂರಿನವರೆಗೆ ಇಡೀ ಬಸ್ಸು ಮೂಗು ಮುಚ್ಚಿಕೊಳ್ಳುವ ಬದಲು ನನಗೆ ಸಲಹೆ ಕೊಟ್ಟಿತು. ಯಾವ ಎರಡು ಸಲಹೆಗಳೂ ಒಂದಕ್ಕೊಂದು ಹೊಂದಲಿಲ್ಲ.

ಈ ಎಲ್ಲ ಸೋಲುಗಳ ನಡುವೆ ಉಳಿದದ್ದು ಒಂದೇ ಒಂದು ಹೀರೇಬಳ್ಳಿ. ದೊಡ್ಡ ಡ್ರಮ್ಮಿನಲ್ಲಿ ಹಾಕಿದ್ದೆ. ಅದು ಬಟ್ಟೆ ಒಣಹಾಕುವ ತಂತಿ ಹಿಡಿದು ನೀರಿನ ಟ್ಯಾಂಕಿನವರೆಗೆ ಹಬ್ಬಿತು. ಅದನ್ನು ಕಂಡಾಗಲೆಲ್ಲ ನನಗೆ ಸ್ವಲ್ಪ ಅಹಂಕಾರ ಬರುತ್ತಿತ್ತು ಎಂದು ಒಪ್ಪಿಕೊಳ್ಳಬೇಕು.

ಹೀರೇಬಳ್ಳಿಯಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಗಂಡು ಹೂಗಳು ಉದ್ದನೆಯ ತೊಟ್ಟಿನಲ್ಲಿ ಗೊಂಚಲಾಗಿ ಬರುತ್ತವೆ. ಹೆಣ್ಣು ಹೂವು ಒಂಟಿ. ಬುಡದಲ್ಲಿ ಎಳೆಯ ಕಾಯನ್ನು ಹೊತ್ತೇ ಹುಟ್ಟುತ್ತದೆ. ಸಂಜೆ ಅರಳಿದಾಗ ಗಂಡಿನ ಪರಾಗ ಹೆಣ್ಣಿಗೆ ಮುಟ್ಟಿದರೆ ಕಾಯಿ ಬೆಳೆಯುತ್ತದೆ, ಇಲ್ಲದಿದ್ದರೆ ಹಳದಿಯಾಗಿ ಉದುರುತ್ತದೆ. ಇದಿಷ್ಟನ್ನೂ ಓದಿ ತಿಳಿದುಕೊಂಡಿದ್ದೆ. ನನ್ನ ಬಳ್ಳಿಯಲ್ಲಿ ಹೆಣ್ಣು ಹೂಗಳು ಬಂದವು. ಗಂಡು ಹೂವು ಒಂದೂ ಬರಲಿಲ್ಲ. ದಿನವೂ ಸಂಜೆ ಆರಕ್ಕೆ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದೆ. ಹೆಣ್ಣು ನಾಲ್ಕು, ಗಂಡು ಸೊನ್ನೆ. ಹೆಣ್ಣು ಆರು, ಗಂಡು ಸೊನ್ನೆ. ಬೆರಳುದ್ದದ ಕಾಯಿಗಳು ಹಳದಿಯಾಗಿ ಒಂದೊಂದೇ ಉದುರಿದವು.

ಸಾರಜನಕ ಹೆಚ್ಚಾಗಿದೆ ಎಂದುಕೊಂಡು ಜೀವಾಮೃತ ನಿಲ್ಲಿಸಿದೆ. ಪೊಟ್ಯಾಶ್ ಕಡಿಮೆಯಿರಬಹುದೆಂದು ಬಾಳೆಹಣ್ಣಿನ ಸಿಪ್ಪೆ ಕೊಡಲು ಶುರುಮಾಡಿದೆ. ಒಬ್ಬಳು ಎಷ್ಟು ಬಾಳೆಹಣ್ಣು ತಿನ್ನಲು ಸಾಧ್ಯ? ಹಾಗಾಗಿ ಸ್ಟಾಫ್ ರೂಮಿನಲ್ಲಿ ಉಳಿದ ಸಿಪ್ಪೆ, ಕ್ಯಾಂಟೀನಿನ ಚಹಾ ಚರಟವನ್ನು ಸ್ಟೀಲ್ ಡಬ್ಬಿಯೊಂದರಲ್ಲಿ ತುಂಬಿ, ಮುಚ್ಚಳ ಬಿಗಿದು ತರುತ್ತಿದ್ದೆ. ಉಪನ್ಯಾಸಕಿಯೊಬ್ಬಳು ಸಿಪ್ಪೆ ಆಯುತ್ತಾಳೆ ಎಂಬ ಸುದ್ದಿ ಓಣಿಯಲ್ಲಿ ಹಬ್ಬುವುದು ನನಗೆ ಬೇಕಿರಲಿಲ್ಲ. ಶಾಂತಕ್ಕ ಬಾಗಿಲಲ್ಲಿ ಕುಳಿತಿದ್ದರೆ ಡಬ್ಬಿಯನ್ನು ಇನ್ನಷ್ಟು ಎದೆಗವಚಿಕೊಂಡು ನೇರ ಮಾಳಿಗೆಗೆ ಹತ್ತುತ್ತಿದ್ದೆ. ಅವರು ಏನನ್ನೂ ಕೇಳಲಿಲ್ಲ. ಒಳ್ಳೆಯ ಹೆಂಗಸು ಎಂದುಕೊಂಡೆ.

ಅಷ್ಟರಲ್ಲಿ ಜನವರಿ ಮುಗಿಯುತ್ತ ಬಂತು. ಬರುವ ವಾರ ಬ್ಯಾಡಗಿಯಿಂದ ಚೀಲ ಬರುತ್ತವೆ ಎಂದು ಶಾಂತಕ್ಕ ಮೆಲ್ಲಗೆ ನೆನಪಿಸಿದರು. ಬಳ್ಳಿಯನ್ನು ತಂತಿಯಿಂದ ಬಿಡಿಸಿ ಇಳಿಸುವುದೆಂದರೆ ಕೊಂದಂತೆಯೇ.

ಆ ಶನಿವಾರ ಕಾಲೇಜಿಗೆ ರಜೆ. ಬೆಳಿಗ್ಗೆ ಒಂಬತ್ತಕ್ಕೆ, ಎಂದೂ ಹೋಗದ ಹೊತ್ತಿನಲ್ಲಿ, ಮಾಳಿಗೆಗೆ ಹೋದೆ. ಶಾಂತಕ್ಕ ಬಟ್ಟೆ ಹರವುತ್ತಿದ್ದರು. ಒಂದು ಬಟ್ಟೆ ಹರವುವುದು, ಬಳ್ಳಿಯೊಳಗೆ ಕೈ ಹಾಕುವುದು, ಚಿವುಟಿ ಸೆರಗಿನ ಮಡಿಲಿಗೆ ಹಾಕಿಕೊಳ್ಳುವುದು, ಮತ್ತೊಂದು ಬಟ್ಟೆ. ಕಣ್ಣು ಬಳ್ಳಿಯ ಮೇಲೆ ಇರಲೇ ಇಲ್ಲ, ಬೆರಳುಗಳೇ ಹುಡುಕಿಕೊಳ್ಳುತ್ತಿದ್ದವು. ಕೊನೆಗೆ ಮಡಿಲನ್ನು ನನ್ನ ಗೊಬ್ಬರದ ಬಕೀಟಿನಲ್ಲಿ ಕೊಡವಿ, ಮೇಲೊಂದು ಹಿಡಿ ಒಣ ಎಲೆ ಮುಚ್ಚಿದರು. ನಾನು ಹೋಗಿ ಎಲೆ ಸರಿಸಿದೆ. ಗೊಂಚಲು ಗೊಂಚಲು ಗಂಡು ಮೊಗ್ಗು. ಇಷ್ಟು ದಿನವೂ ನನ್ನ ಫಸಲನ್ನು ನನ್ನ ಗೊಬ್ಬರವೇ ತಿನ್ನುತ್ತಿತ್ತು.

“ಶಾಂತಕ್ಕ, ಏನ್ರಿ ಇದು?” ಎಂದೆ. ನನ್ನ ದನಿ ನನಗೇ ಹೊಸದಾಗಿತ್ತು.

“ಗಂಡು ಮೊಗ್ಗರಿ” ಎಂದರು ಸಹಜವಾಗಿ. “ದಿನಾ ನಾನ ತಗೀತೇನಿ. ನಿಮಗ ಮುಂಜಾನಿ ಬಸ್ಸಿನ ಗಡಿಬಿಡಿ ಅಲ್ಲೇನು?”

ಈ ಊರಿನ ಸುತ್ತ ಬೀಜದ ಪ್ಲಾಟುಗಳಿವೆ ಎಂಬುದು ನಿಮಗೆ ಗೊತ್ತಿರಬಹುದು. ಅಲ್ಲಿ ಹೈಬ್ರಿಡ್ ಬೀಜ ತಯಾರಿಸಲು ಹೆಣ್ಣು ಸಾಲಿನ ಬಳ್ಳಿಗಳಿಂದ ಗಂಡು ಮೊಗ್ಗುಗಳನ್ನೆಲ್ಲ ಅರಳುವ ಮೊದಲೇ ಕೀಳುತ್ತಾರೆ. ಬೇರೆ ಕಡೆ ಬೆಳೆದ ಗಂಡು ಸಾಲಿನ ಹೂಗಳನ್ನು ಡಬ್ಬಿಯಲ್ಲಿ ತಂದು ಒಂದೊಂದಾಗಿ ಮುಟ್ಟಿಸುತ್ತಾರೆ. ಅದಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ಶಾಂತಕ್ಕ ಮೊಣಕಾಲು ನೋವು ಬರುವವರೆಗೆ ವರ್ಷಗಟ್ಟಲೆ ಆ ಕೆಲಸಕ್ಕೆ ಹೋದವರು. ಒಂದು ಗಂಡು ಮೊಗ್ಗು ತಪ್ಪಿಸಿಕೊಂಡರೂ ಬೈಸಿಕೊಳ್ಳಬೇಕಾಗುತ್ತಿತ್ತಂತೆ. ಅವರದೇ ಮನೆಯ ಮಹಡಿಯಲ್ಲಿದ್ದುಕೊಂಡು ಇದನ್ನು ನಾನು ತಿಳಿದದ್ದು ಆ ಶನಿವಾರ.

“ಆದ್ರ ಇಲ್ಲಿ ಗಂಡು ಸಾಲು ಎಲ್ಲೈತ್ರಿ?” ಎಂದೆ.

“ಎಲ್ಲೈತಂದ್ರ? ನೀವು ದಿನಾ ಸಂಜೀಕ ಡಬ್ಬಿ ತರ್ತೀರಲ್ರಿ! ಹೂವು ಅರಳೂ ಹೊತ್ತಿಗೇ ಸರಿಯಾಗಿ ಮ್ಯಾಲ ಹೋಗ್ತೀರಿ. ಕಾಲೇಜಿನ್ಯಾಗ ಗಂಡು ಬಳ್ಳಿ ಬೆಳಸ್ಯಾರ, ಅದರ ಹೂವು ತಂದು ಕ್ರಾಸಿಂಗ್ ಮಾಡಾಕತ್ತಾರ ಅಂತ ನಾ ತಿಳ್ಕೊಂಡೇನಿ. ಮುಚ್ಕೊಂಡು ಒಯ್ತೀರಿ, ಕೇಳಿದ್ರ ಎಲ್ಲಿ ಸಿಟ್ಟ ಮಾಡ್ತೀರೋ ಅಂತ ಸುಮ್ನಿದ್ದೆ.”

“ಅದರಾಗ ಬಾಳೆಹಣ್ಣಿನ ಸಿಪ್ಪೆ ಇರ್ತಾವ್ರಿ.”

ಶಾಂತಕ್ಕ ನನ್ನನ್ನು ನೋಡಿದರು. ಬಳ್ಳಿಯನ್ನು ನೋಡಿದರು. “ಯವ್ವಾ, ನಮ್ಮವ್ವಾ!” ಎಂದು ಟ್ಯಾಂಕಿನ ಕಟ್ಟೆಯ ಮೇಲೆ ಕುಳಿತುಬಿಟ್ಟರು. ನಕ್ಕು ನಕ್ಕು ಕಣ್ಣೊರೆಸಿಕೊಂಡರು. ನನಗೆ ನಗು ಬರಲಿಲ್ಲ. ನನ್ನ ಎರಡೂ ಪದವಿಗಳಷ್ಟು ಸಿಟ್ಟು ಬಂದಿತ್ತು, ಅದನ್ನು ಯಾರ ಮೇಲೆ ಮಾಡಬೇಕೆಂದು ತಿಳಿಯಲಿಲ್ಲ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಇಬ್ಬರೂ ಮರ್ಯಾದಸ್ಥರು. ಸತ್ತದ್ದು ಮಾತ್ರ ಹೀರೇಕಾಯಿ.

ಹೊಸ ಗಂಡು ಮೊಗ್ಗು ಅರಳಲು ಐದು ದಿನ ಬೇಕಾಯಿತು. ಅಷ್ಟರಲ್ಲಿ ಚೀಲಗಳು ಬಂದೇಬಿಟ್ಟವು. ಪಡಸಾಲೆಯ ತುಂಬ ಮೆಣಸಿನಕಾಯಿಯ ಘಾಟು. ನಾನು ಕರಾರಿನ ಪ್ರಕಾರ ಕುಂಡ ಇಳಿಸಲು ಹೊರಟೆ. ಶಾಂತಕ್ಕ ಮೆಟ್ಟಿಲಲ್ಲೇ ತಡೆದರು. “ಚೀಲ ಬಂದ್ರೇನಾತು? ಇನ್ನೂ ಬಾಯಿ ಬಿಚ್ಚಿಲ್ಲಲ್ಲ. ಬಿಚ್ಚಿದ್ಮ್ಯಾಲೆ ಮಾತಾಡೂಣು.”

ಆ ಸಂಜೆ ಮೊಣಕಾಲು ಹಿಡಿದುಕೊಂಡೇ ಮೇಲೆ ಬಂದರು. ಗಂಡು ಹೂವೊಂದನ್ನು ಕಿತ್ತು, ಎಸಳು ಹಿಂದಕ್ಕೆ ಮಡಚಿ, ಹೆಣ್ಣು ಹೂವಿಗೆ ಮಗುವಿನ ಹಣೆಗೆ ಕುಂಕುಮ ಇಟ್ಟಷ್ಟೇ ಹಗುರಾಗಿ ಮುಟ್ಟಿಸಿದರು. ಗುರುತಿಗೆ ತೊಟ್ಟಿಗೊಂದು ಕೆಂಪು ದಾರ ಕಟ್ಟಿದರು. “ಈಗ ನೀವು ಮಾಡ್ರಿ” ಎಂದರು. ಪಿಪೆಟ್ಟು ಹಿಡಿಯುವ ಎಚ್ಚರದಲ್ಲಿ ನಾನೂ ಒಂದು ಹೂವಿಗೆ ಮುಟ್ಟಿಸಿ ದಾರ ಕಟ್ಟಿದೆ.

ಬೆರಳುದ್ದವಾದ ಕಾಯಿ ಮೂರನೆಯ ದಿನ ಹಳದಿಯಾಗಲಿಲ್ಲ. ಐದನೆಯ ದಿನ ಗೇಣುದ್ದವಾಯಿತು. ಆರನೆಯ ದಿನ ಶಾಂತಕ್ಕ ಚೀಲದ ಬಾಯಿ ಬಿಚ್ಚಿ, ಮಾಳಿಗೆಯ ತುಂಬ ಮೆಣಸಿನಕಾಯಿ ಹರವಿ, ಡ್ರಮ್ಮಿಗೆ ಹೋಗಲು ಒಬ್ಬರು ನಡೆಯುವಷ್ಟು ದಾರಿ ಬಿಟ್ಟರು. ಬಳ್ಳಿಗೆ ನೀರು ಹಾಕಲು ಹೋಗಿ ಈಗ ದಿನವೂ ಹದಿನೈದು ಸಲ ಸೀನುತ್ತೇನೆ. ಗಂಡು ಮೊಗ್ಗುಗಳನ್ನು ಅವರು ಈಗಲೂ ಕೀಳುತ್ತಾರೆ. ಬೆರಳಿಗೆ ಬುದ್ಧಿ ಹೇಳಲಾಗುವುದಿಲ್ಲವಂತೆ. ದಿನಕ್ಕೆರಡು ಗೊಂಚಲು ಮಾತ್ರ ಉಳಿಸುತ್ತಾರೆ. ಯಾವ ಎರಡು ಎಂಬುದರಲ್ಲಿ ನನಗೆ ಮತವಿಲ್ಲ.

ಡಬ್ಬಿ ಮಾತ್ರ ಇನ್ನೂ ತರುತ್ತೇನೆ. ಸಂಜೆ ಬಾಗಿಲ ಬಳಿ ಬಂದೊಡನೆ ನಾನಾಗಿಯೇ ಮುಚ್ಚಳ ತೆಗೆದು ತೋರಿಸುತ್ತೇನೆ. ಶಾಂತಕ್ಕ ಬಗ್ಗಿ ನೋಡಿ, “ಬರೇ ಸಿಪ್ಪಿನ ಐತಿ, ಹೋಗ್ರಿ ಮ್ಯಾಲೆ” ಎಂದು ಅಪ್ಪಣೆ ಕೊಡುತ್ತಾರೆ. ಓಣಿಯ ನಾಲ್ಕು ಜನ ಕೇಳಿಸಿಕೊಳ್ಳುತ್ತಾರೆ. ನಿನ್ನೆ ಎದುರು ಮನೆಯವರು ತಮ್ಮ ಮನೆಯ ಸಿಪ್ಪೆಯನ್ನೂ ತಂದು ನನ್ನ ಡಬ್ಬಿಗೇ ಸುರಿದರು.