ಎರಡನೆಯ ಕೊಳವೆ

ಮನೆಯಲ್ಲಿ ಅವಳಿಗೆ ಗಂಡ ಇಟ್ಟ ಹೆಸರು ಸೈರನ್. ಗ್ಯಾಸ್ ಆರಿಸಿದ ಮೇಲೂ ನಾಬನ್ನು ಇನ್ನೊಮ್ಮೆ ಮುಟ್ಟಿ ನೋಡುತ್ತಾಳೆ. ಬಾಲ್ಕನಿಯ ಕಂಬಿಗಳ ನಡುವೆ ಮಗುವಿನ ತಲೆ ತೂರೀತೇ ಎಂದು ಚೆಂಡು ಹಿಡಿದು ಅಳೆಯುತ್ತಾಳೆ. ನೆಂಟರು ಬಂದಾಗ ಗಂಡ ಇದನ್ನೆಲ್ಲ ಬಣ್ಣ ಕಟ್ಟಿ ಹೇಳುವನು, ಅವರು ಬಿದ್ದು ಬಿದ್ದು ನಗುವರು. ಅವಳೂ ನಗುತ್ತಿದ್ದಳು, ಮೀನಿನ ತೊಟ್ಟಿ ಬರುವವರೆಗೆ.

ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ಗಾಜೆಂದರೆ ಪ್ರಾಣ. ಅವನ ಲೆಕ್ಕ ಇಷ್ಟು: ನಡುಮನೆಯಲ್ಲಿ ಮೇಜಿನ ಮೇಲೆ ತೊಟ್ಟಿ, ಮೇಜಿನ ಕೆಳಗೆ ದೊಡ್ಡ ಟಬ್ಬು. ತೊಟ್ಟಿಯ ಹಿಂದಿನ ಗಾಜಿಗೆ, ಮೇಲಂಚಿನ ಹತ್ತಿರ, ಒಂದು ತೂತು. ಹೆಚ್ಚಾದ ನೀರು ಅಲ್ಲಿಂದ ಪೈಪಿನಲ್ಲಿ ಟಬ್ಬಿಗಿಳಿದು ಸೋಸಿಕೊಳ್ಳಬೇಕು, ಪಂಪು ಅದನ್ನು ಮತ್ತೆ ಮೇಲಕ್ಕೆ ತಳ್ಳಬೇಕು. ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಅವನು ಬರೆದು ತೋರಿಸಿದ ನಕ್ಷೆಯನ್ನು ಅವಳು ತಿರುಗಿಸಿ ತಿರುಗಿಸಿ ನೋಡಿದಳು.

"ರೀ, ಈ ತೂತು ಕಟ್ಕೊಂಡ್ರೆ?"

"ಯಾಕೆ ಕಟ್ಕೊಳ್ಳುತ್ತೆ? ಮುಂದೆ ಜಾಲರಿ ಇರುತ್ತಲ್ಲ."

"ಜಾಲರಿನೇ ಕಟ್ಕೊಂಡ್ರೆ? ಪಂಪು ಮಾತ್ರ ತಳ್ತಾನೇ ಇರುತ್ತೆ. ಪಕ್ಕದಲ್ಲಿ ಇನ್ನೊಂದು ಪೈಪ್ ಹಾಕಿ, ಒಂಚೂರು ಎತ್ತರಕ್ಕೆ. ಸುಮ್ನೆ ಒಣಗಿರ್ಲಿ. ಇದು ಕೈ ಕೊಟ್ಟ ದಿನ ಅದು ಇರುತ್ತೆ."

"ಇನ್ನೊಂದು ತೂತು ಕೊರೆಯೋಕೆ ಹೋಗಿ ಗಾಜು ಬಿರುಕು ಬಿಟ್ರೆ? ಅಮ್ಮಾ, ಸೈರನ್ ಶುರುವಾಯ್ತು ನೋಡು!"

ಅತ್ತೆ ನಕ್ಕರು. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಗಾಜು ಬಿರುಕು ಬಿಟ್ಟೀತೆಂದು ಅವನು ಹೆದರಿದರೆ ಅದು ಕಸುಬು. ತೆವಳುವ ಮಗು ಇರುವ ಮನೆಯಲ್ಲಿ ನೀರು ನೆಲಕ್ಕೆ ಬಂದೀತೆಂದು ಅವಳು ಹೆದರಿದರೆ ಹುಚ್ಚು!

ಕೊನೆಗೆ ಒಂದೇ ತೂತು ಉಳಿಯಿತು. ಮೀನು ಬಿಡುವ ಮುನ್ನ ಕೆಲವು ದಿನ ಬರೀ ನೀರು ಓಡಲಿ ಎಂದ. ಓಡಿತು, ಆದರೆ ಪೈಪು ಗಾಳಿ ನುಂಗಿ ಗೊಳಗೊಳ ಎನ್ನುತ್ತಿತ್ತು. ನಡುಮನೆಯಲ್ಲಿ ಫ್ಯಾನಿನ ಕೆಳಗೆ ಮಲಗಿಸಿದ ಮಗು ಬೆಚ್ಚಿ ಬೆಚ್ಚಿ ಏಳುತ್ತಿತ್ತು.

ಒಂದು ಮಧ್ಯಾಹ್ನ ಮಗುವಿನ ಪಕ್ಕದಲ್ಲಿ ಅತ್ತೆ ಅಡ್ಡಾಗಿದ್ದರು. ಅವಳು ಬಚ್ಚಲಲ್ಲಿ ಮಗುವಿನ ಬಟ್ಟೆ ಒಗೆಯುತ್ತಿದ್ದಳು. ಹಿಂಡುತ್ತ ಹಿಂಡುತ್ತ ಏನೋ ಕಡಿಮೆಯಾಗಿದೆ ಅನ್ನಿಸಿತು. ಗೊಳಗೊಳ ಇಲ್ಲ. ಎಷ್ಟು ಹೊತ್ತಿನಿಂದಲೋ ಇಲ್ಲ. ಮೊದಲು ಹಾಯೆನಿಸಿತು, ಮರುಕ್ಷಣ ಹಿಂಡುತ್ತಿದ್ದ ಬಟ್ಟೆ ಕೈಬಿಟ್ಟಳು. ನೀರು ಇಳಿಯುತ್ತಿಲ್ಲ ಅಂದರೆ ಮತ್ತೆಲ್ಲಿಗೆ ಹೋಗುತ್ತಿದೆ?

ಓಡಿ ಬಂದಳು. ತೊಟ್ಟಿಯ ಅಂಚಿನಿಂದ ನೀರು ಸದ್ದಿಲ್ಲದೆ ಜಾರುತ್ತಿತ್ತು. ಅತ್ತೆಗೆ ಜೊಂಪು. ಮೇಜಿನ ಕಾಲ ಬಳಿಯ ಸ್ವಿಚ್ ಬೋರ್ಡನ್ನು ನೀರು ಇನ್ನೇನು ಮುಟ್ಟಬೇಕು. ಇತ್ತ ಮಗುವಿನ ಹಾಸಿಗೆಯ ಒಂದು ಮೂಲೆ ಆಗಲೇ ಒದ್ದೆ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಾಗಿಲ ಬಳಿಯ ಮೇನ್ ಸ್ವಿಚ್ ಎಳೆದಳು. ಆಮೇಲೆ ಮಗುವನ್ನು ಬಾಚಿಕೊಂಡಳು. ಒಣಗಿದ್ದ ಬೆನ್ನು, ಒಣಗಿದ್ದ ಕಾಲು. ಒಂದು ಕಾಲಿಗೆ ಮಾತ್ರ ಕಾಲುಚೀಲ ಇರಲಿಲ್ಲ. ಅದು ಪೈಪಿನ ಬಾಯಲ್ಲಿತ್ತು.

"ಜಾಲರಿ ತೆಗೆದು ನಾನೇ ತುರುಕಿದೆ ಕಣಮ್ಮ," ಎಂದರು ಎಚ್ಚೆತ್ತ ಅತ್ತೆ. "ಕೂಸು ಬೆಚ್ಚಿ ಬೀಳ್ತಿತ್ತಲ್ಲ, ಸದ್ದು ನಿಲ್ಲಲಿ ಅಂತ."

ಸಂಜೆ ಗಂಡ ಬಂದವನೇ ನೆಲ ನೋಡಿದ, ಕಾಲುಚೀಲ ನೋಡಿದ. "ಅಮ್ಮಾ, ಬುದ್ಧಿ ಇದೆಯಾ ನಿನಗೆ? ನನ್ನ ಲೆಕ್ಕ ಸರಿಯಾಗೇ ಇತ್ತು."

ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅಷ್ಟೇ ಸಾಕಾಯಿತು ಅವಳಿಗೆ.

"ಅವರನ್ನ ಯಾಕ್ರೀ ಅಂತೀರಾ? ಇವತ್ತು ಕಾಲುಚೀಲ, ನಾಳೆ ಬಸವನಹುಳು, ನಾಡಿದ್ದು ಕೊಳೆತ ಎಲೆ! ಮನುಷ್ಯರು ಇರೋ ಮನೆ ಇದು. ಮನುಷ್ಯರು ತಪ್ಪು ಮಾಡ್ತಾರೆ ಅನ್ನೋದು ನಿಮ್ಮ ಲೆಕ್ಕದಲ್ಲಿ ಎಲ್ಲಿದೆ? ಊರವರಿಗೆಲ್ಲ ಕಣ್ಣು ಕೊಡೋರು, ನಿಮ್ಮ ಮಗು ಮಲಗೋ ಜಾಗ ಕಾಣ್ಸಲ್ವಾ ನಿಮಗೆ? ಎರಡನೇ ಪೈಪ್ ಹಾಕಿ. ಇಲ್ಲಾಂದ್ರೆ ತೊಟ್ಟಿ ಹೊರಗೆ ಹೋಗುತ್ತೆ, ನಾನೇ ಹೊರಿಸ್ತೀನಿ!"

ಅವನು ಬಾಯಿ ತೆರೆದ. ಸೈರನ್ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತೇನೋ, ಅವಳ ಮುಖ ನೋಡಿ ನುಂಗಿಕೊಂಡ.

ಭಾನುವಾರ ತೊಟ್ಟಿ ಬರಿದು ಮಾಡಿ ಎರಡನೆಯ ತೂತು ಕೊರೆದ. ಗಾಜು ಬಿರುಕು ಬಿಡಲಿಲ್ಲ. ಪೈಪು ಕೂರಿಸಿ, ಸ್ವಿಚ್ ಬೋರ್ಡನ್ನು ಎದೆಯೆತ್ತರಕ್ಕೆ ಗೋಡೆಗೆ ಹೊಡೆದು, ಮತ್ತೆ ನೀರು ತುಂಬಿ, "ನೋಡ್ಕೋ ಮಹಾತಾಯಿ," ಎಂದ.

ಮಗುವನ್ನು ಕಂಕುಳಲ್ಲಿಟ್ಟುಕೊಂಡು ಅವಳು ಮುಂದೆ ಬಂದಳು. ಅದೇ ಕಾಲುಚೀಲವನ್ನು ಮೊದಲ ಪೈಪಿನ ಬಾಯಿಗೆ ತಾನೇ ತುರುಕಿದಳು. ಅತ್ತೆ ಹೌಹಾರಿದರು. ನೀರು ಏರಿತು, ಅಂಚಿಗೆ ಬೆರಳಗಲ ಉಳಿಯಿತು. ಅಷ್ಟರಲ್ಲಿ ಎರಡನೆಯ ಪೈಪು ಗೊಳಕ್ ಎಂದು ಒಂದು ಗುಟುಕು ಕುಡಿಯಿತು, ಮತ್ತೊಂದು ಕುಡಿಯಿತು. ನೀರು ಅಲ್ಲೇ ನಿಂತಿತು.

"ಸಮಾಧಾನ ಆಯ್ತಾ?"

"ಇಲ್ಲ. ಈಗ ಕರೆಂಟ್ ತೆಗೀರಿ. ಪಂಪು ನಿಂತಾಗ ಮೇಲಿನ ನೀರು ವಾಪಸ್ ಇಳಿದು ಟಬ್ಬು ಉಕ್ಕುತ್ತೋ ಇಲ್ವೋ ನೋಡ್ಬೇಕು."

ಅವನು ತಾಯಿಯ ಕಡೆ ನೋಡಿದ.

"ಹೇಳ್ತಾ ಇದ್ದಾಳಲ್ಲೋ," ಎಂದರು ಅತ್ತೆ. "ತೆಗಿ!"