ತಾನಾಗಿ ನಿಲ್ಲುವ ಯಂತ್ರ

ಪಾಲಯ್ಯ ಸೋಮಾರಿ. ಹಿರಿಯೂರಿನಲ್ಲಿ ಈ ಬಗ್ಗೆ ಎರಡು ಮಾತಿರಲಿಲ್ಲ. ಕೂತಲ್ಲಿಂದ ಏಳಲು ಆತನಿಗೆ ಕಾರಣ ಬೇಕು. ಕಾರಣ ಸಿಕ್ಕಿದರೆ ಏಳದಿರುವ ಉಪಾಯ ಬೇಕು.

ಆತ ಚಿತ್ರಲಿಂಗಪ್ಪನ ಎಣ್ಣೆ ಮಿಲ್ಲಿನಲ್ಲಿ ಏಳು ವರ್ಷದಿಂದ ದಿನಗೂಲಿಯಲ್ಲಿದ್ದ. ಚಿತ್ರಲಿಂಗಪ್ಪ ಚಿತ್ರದುರ್ಗದ ಕಾಲೇಜಿನಲ್ಲಿ ನನ್ನ ಬಳಿ ಗಣಿತ ಕಲಿತವನು. ಅಂಕ ಕಡಿಮೆ, ವಿನಯ ಹೆಚ್ಚು. ೧೯೭೬ರ ಸಂಕ್ರಾಂತಿ ಕಳೆದ ಮೇಲೆ ಮನೆಗೆ ಬಂದು, "ಮೇಡಂ, ನಮ್ಮ ಪಾಲಯ್ಯ ಏನೋ ಮಾಡ್ಯಾನೆ. ಒಂದ್ಸಲ ಬಂದು ನೋಡ್ರಿ" ಎಂದು ಕರೆದ.

ಮಿಲ್ಲಿಗೆ ಒಂದೇ ಎಂಜಿನ್. ಅದರಿಂದ ಬೆಲ್ಟುಗಳು ಹೋಗಿ ಎರಡು ಯಂತ್ರಗಳನ್ನು ತಿರುಗಿಸುತ್ತಿದ್ದವು. ಹಿಂದಿನ ಎತ್ತರದ ಕೊಟ್ಟಿಗೆಯಲ್ಲಿ ಶೇಂಗಾ ಸುಲಿಯುವುದು, ಮುಂದಿನದರಲ್ಲಿ ಎಣ್ಣೆ ತೆಗೆಯುವುದು. ಸುಲಿದ ಬೀಜ ಹಲಗೆಯ ಮೇಲೆ ಜಾರಿ ಬಂದು ಎಣ್ಣೆ ಯಂತ್ರದ ತೊಟ್ಟಿಗೆ ಬೀಳುತ್ತಿತ್ತು. ತೊಟ್ಟಿ ತುಂಬಿದಾಗಲೆಲ್ಲ ಪಾಲಯ್ಯ ಹಿಂದಕ್ಕೆ ಹೋಗಿ, ಸುಲಿಯುವ ಯಂತ್ರದ ಬೆಲ್ಟನ್ನು ಕವೆಗೋಲಿನಿಂದ ಪಕ್ಕದ, ಸುಮ್ಮನೆ ತಿರುಗುವ ಖಾಲಿ ಗಾಲಿಗೆ ಸರಿಸಿ ಅದನ್ನು ನಿಲ್ಲಿಸಬೇಕಿತ್ತು.

ನಾನು ಹೋದಾಗ ಆತ ಚೀಲದ ಮೇಲೆ ಕೂತಿದ್ದ. ತೊಟ್ಟಿಯೊಳಗೆ ಒಂದು ಹಲಗೆ ಇಳಿಬಿದ್ದಿತ್ತು, ಅದಕ್ಕೊಂದು ಹಗ್ಗ. ಬೀಜದ ಭಾರಕ್ಕೆ ಹಲಗೆ ಕುಸಿದಂತೆ ಹಿಂದಿನ ಕೊಟ್ಟಿಗೆಯಲ್ಲಿ ಎತ್ತಿನ ಗಂಟೆಯೊಂದು ಬಡಿಯಿತು. ಅಲ್ಲಿ ಕಾಯಿ ಸುರಿಯುತ್ತಿದ್ದ ಗಿರಿಯಮ್ಮ ಕೈ ತಡೆದಳು. ಯಂತ್ರದೊಳಗೆ ಉಳಿದದ್ದು ಸುಲಿದು ಇಳಿದು ಬಂತು. ಹಲಗೆ ಇನ್ನಷ್ಟು ಕುಸಿಯಿತು. ಹಗ್ಗದ ತುದಿಯ ಕಲ್ಲು ಜಗ್ಗಿತು, ಕವೆಗೋಲು ಸರಿದು ಬೆಲ್ಟು ಖಾಲಿ ಗಾಲಿಗೆ ಜಾರಿತು. ಸುಲಿಯುವ ಯಂತ್ರ ನಿಂತಿತು. ಯಾರೂ ಅದನ್ನು ಮುಟ್ಟಿರಲಿಲ್ಲ.

ಹಿಂದಿನ ವರ್ಷ ಬೆಂಗಳೂರಿನಲ್ಲಿ ಕಂಪ್ಯೂಟರ್ ತರಗತಿಗೆ ಹೋಗಿದ್ದೆ. ಒಂದು ಪ್ರೋಗ್ರಾಂ, ನಡೆಯುತ್ತಿರುವ ಇನ್ನೊಂದನ್ನು ನಿಲ್ಲಿಸುವ ಬಗೆಯನ್ನು ಅಲ್ಲಿ ಹೇಳಿಕೊಟ್ಟಿದ್ದರು: ಮೊದಲು ತಿಳಿಸು, ಕೈಯಲ್ಲಿರುವ ಕೆಲಸ ಮುಗಿಸಲು ಬಿಡು, ಆಗಲೂ ನಿಲ್ಲದಿದ್ದರೆ ಬಲವಂತವಾಗಿ ನಿಲ್ಲಿಸು. ಅದು ತಲೆಗೆ ಹೋಗಲು ನನಗೆ ಒಂದು ವಾರ ಹಿಡಿದಿತ್ತು. ನಾಲ್ಕನೇ ಕ್ಲಾಸು ಓದಿದ ಈತ ಅದನ್ನೇ ಹಗ್ಗ, ಕಲ್ಲುಗಳಲ್ಲಿ ಕಟ್ಟಿದ್ದ.

"ಗಂಟೆ ಯಾಕೆ? ನೇರವಾಗಿ ನಿಲ್ಲಿಸಬಹುದಿತ್ತಲ್ಲ?" ಎಂದು ಕೇಳಿದೆ.

"ಯಂತ್ರದ ಹೊಟ್ಟೆ ತುಂಬಿದ್ದಾಗ ನಿಲ್ಸಿದ್ರೆ ಕಾಯಿ ಕಚ್ಕಂತಾವ್ರಿ ಅಮ್ಮಾರೆ. ಆಮ್ಯಾಲೆ ಬಿಡಿಸಾಕೆ ನಾನೇ ಏಳ್ಬೇಕು."

ನನ್ನನ್ನು ನೋಡಲೆಂದು ಮುಂದಕ್ಕೆ ಬಂದಿದ್ದ ಗಿರಿಯಮ್ಮ ನಕ್ಕಳು. "ನಾಳೆ ಉಣ್ಣಾಕೂ ಒಂದು ಹಗ್ಗ ಕಟ್ತಾನ್ರಿ ಇವ್ನು."

ಚಿತ್ರಲಿಂಗಪ್ಪನಿಗೆ ಇಷ್ಟು ಸಾಲದು. ತೊಟ್ಟಿ ಬರಿದಾದ ಕೂಡಲೇ ಯಂತ್ರ ತಾನಾಗಿಯೇ ಮತ್ತೆ ಹೊರಡಬೇಕು. ಹಾಗೆ ಮಾಡಿದರೆ ಪಾಲಯ್ಯನಿಗೆ ಕಾಯಂ ಫಿಟ್ಟರ್ ಕೆಲಸ ಎಂದಿದ್ದ. ಮಳೆಗಾಲದಲ್ಲಿ ಮಿಲ್ಲು ಮುಚ್ಚಿದಾಗ ಬಬ್ಬೂರಿನ ಹೊಲಗಳಲ್ಲಿ ಕಳೆ ಕೀಳುತ್ತಿದ್ದವನಿಗೆ ಅದು ಸಣ್ಣ ಮಾತಲ್ಲ. ಅದಕ್ಕೂ ಎರಡನೆಯ ಹಗ್ಗ ಸಿದ್ಧವಾಗಿತ್ತು. ಅದನ್ನು ಪರೀಕ್ಷಿಸಲೆಂದೇ ನನ್ನನ್ನು ಕರೆಸಿದ್ದರು.

ತೊಟ್ಟಿ ಬರಿದಾಯಿತು. ಹಲಗೆ ಎದ್ದಿತು, ಎರಡನೆಯ ಹಗ್ಗ ಕವೆಗೋಲನ್ನು ಹಿಂದಕ್ಕೆಳೆಯಿತು, ಯಂತ್ರ ಗುಡುಗುತ್ತ ಹೊರಟಿತು.

"ಇದರಲ್ಲಿ ತಪ್ಪೇನೂ ಇಲ್ಲ," ಎಂದು ತೀರ್ಪು ಕೊಟ್ಟೆ.

"ಆಯ್ತು ಬಿಡ್ಲೇ, ನಾಳೆಯಿಂದ ನೀನು ಫಿಟ್ಟರ್," ಎಂದ ಚಿತ್ರಲಿಂಗಪ್ಪ.

ಪಾಲಯ್ಯ ಗಿರಿಯಮ್ಮನ ಕಡೆ ನೋಡುತ್ತಿದ್ದ. "ಯಂತ್ರ ನಿಂತಾಗ ದಿನಾ ಏನ್ ಮಾಡ್ತೀಯವ್ವ ನೀನು?"

"ಯಂತ್ರದೊಳಗಿನ ಜರಡೀಲಿ ಸಿಕ್ಕ ಕಲ್ಲು ತೆಗೀತೀನಿ. ಕೈ ಹಾಕ್ದೆ ಬರ್ತಾವಾ ಅವು?"

ನಾನು ಹಗ್ಗದ ಉದ್ದ, ಕಲ್ಲಿನ ತೂಕ ಎಲ್ಲವನ್ನೂ ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ. ಆ ಕೈ ನನಗೆ ಹೊಳೆದಿರಲಿಲ್ಲ.

"ಕೈ ಹಾಕ್ಬ್ಯಾಡ ಅಂತ ಹೇಳಿದ್ರಾಯ್ತು," ಎಂದ ಚಿತ್ರಲಿಂಗಪ್ಪ.

"ಎಷ್ಟೋ ವರ್ಷದ ರೂಢಿ ಸಾವ್ಕಾರ್ರೆ. ಕೈ ಮಾತು ಕೇಳಾದಿಲ್ಲ," ಎನ್ನುತ್ತ ಪಾಲಯ್ಯ ಎರಡನೆಯ ಹಗ್ಗದ ಹತ್ತಿರ ಹೋದ.

"ಹಗ್ಗ ತೆಗೆದ್ರೆ ಫಿಟ್ಟರ್ ಕೆಲ್ಸ ಇಲ್ಲ, ತಿಳ್ಕಾ."

ಪಾಲಯ್ಯ ಚಾಕು ತೆಗೆದು ಎರಡನೆಯ ಹಗ್ಗವನ್ನು ಕೊಯ್ದ. ಗಿರಿಯಮ್ಮ ತನ್ನ ಜಾಗಕ್ಕೆ ಹೋದಳು. ತೊಟ್ಟಿ ಮತ್ತೆ ತುಂಬಿತು, ಗಂಟೆ ಬಡಿಯಿತು, ಯಂತ್ರ ನಿಂತಿತು. ತೊಟ್ಟಿ ಬರಿದಾಗುತ್ತಲೇ ಆತ ಚೀಲದಿಂದ ಎದ್ದು ಹಿಂದಿನ ಕೊಟ್ಟಿಗೆಗೆ ನಡೆದ.

"ಕೈ ಹೊರಗೈತಾ ಗಿರಿಯಮ್ಮ?"

ಆಕೆ ಎರಡೂ ಕೈ ಎತ್ತಿ ತೋರಿಸಿದ ಮೇಲೆ ಬೆಲ್ಟು ಸರಿಸಿದ.