ಕಣ್ಣಿನ ಪೊರೆಗೆ ಗಂಡನ ಹೆಸರೇಕೆ?

ಅಕ್ಕಿಯಲ್ಲಿ ಕಲ್ಲು ಹುಡುಕುವ ಕೆಲಸವನ್ನು ನನ್ನ ಕಣ್ಣುಗಳು ಬಿಟ್ಟು ವರ್ಷವಾಗಿತ್ತು. ಆಗ ಅದು ನಿಮ್ಮ ಹಲ್ಲುಗಳ ಪಾಲಿಗೆ ಬಂದದ್ದು ನಿಮಗೇ ಗೊತ್ತಿದೆ, ಮಕ್ಕಳೇ. ಪೊರೆ ತೆಗೆಸೋಣವೆಂದರೆ, ಅಂಕೋಲೆಯ ಕಣ್ಣಿನ ಶಿಬಿರದವರು ಮೊಬೈಲಿನಲ್ಲೇ ಹೆಸರು ಬರೆಸಬೇಕು, ಅಂದೇ ಕಡೆಯ ದಿನ ಎಂದರು. ಹೆಸರು ಬರೆಸುವ ಆ ಪುಟವೋ, ಬಿಳಿಯ ಮೇಲೆ ಬೂದಿ ಬಣ್ಣದ, ಸಾಸಿವೆಗಿಂತ ಸಣ್ಣ ಅಕ್ಷರಗಳದ್ದು. ಅದನ್ನು ಓದಬಲ್ಲವರು ಆಪರೇಶನ್ನಿಗೆ ಯಾಕೆ ಬರುತ್ತಾರೆಂದು ಮಾಡಿದವರಿಗೆ ಹೊಳೆದಿರಲಿಲ್ಲ.

ಇಂಥ ಪುಟಗಳನ್ನು ಎಲ್ಲರೂ ಬಳಸಬಲ್ಲರೇ ಎಂದು ಪರೀಕ್ಷಿಸುವುದು ನಿಮ್ಮ ರಶ್ಮಿಯಕ್ಕನ ಉದ್ಯೋಗ. ಮದುವೆಯಾದ ಮೇಲೆ ಜಾತಕ ನೋಡುವ ಹಾಗೆ, ಪುಟ ಶುರುವಾದ ಮೇಲೆ ಶಿಬಿರದವರು ಅವಳನ್ನು ಕರೆದಿದ್ದರು. ಅವಳು ಶಿರವಾಡದಿಂದ ನಮ್ಮ ಮನೆಗೆ ಬಂದು, ಮೊಬೈಲನ್ನು ನನ್ನ ಕೈಗಿತ್ತು, ಪಕ್ಕದಲ್ಲಿ ಕೈ ಕಟ್ಟಿ ಕೂತಳು.

“ನೀನೇ ಮಾಡೂದು ಅಜ್ಜಿ. ನಾ ಬಾಯಿ ಬಿಡೂದಿಲ್ಲ. ತಪ್ಪಾದ್ರೆ ಅದು ಪುಟದ ತಪ್ಪು, ನಿಂದಲ್ಲ.”

ಶಾಲೆಯಲ್ಲಿ ಯಾವ ಮಾಸ್ತರರೂ ನನಗೆ ಇಂಥ ಮಾತು ಹೇಳಿರಲಿಲ್ಲ.

ಮೈಕಿನ ಚಿತ್ರ ಒತ್ತಿದರೆ ಮಾತಾಡಿಯೇ ತುಂಬಿಸಬಹುದಂತೆ. ಹೆಸರು, ಊರು, ವಯಸ್ಸು ಹೇಳಿದೆ. ಆಮೇಲೆ ಒಂದು ಹೆಣ್ಣುದನಿ, “ಗಂಡನ ಹೆಸರು ಹೇಳಿ” ಎಂದಿತು.

ಮನೆಗೆ ಬಂದವರಿಗೆ ಮೊದಲು ನೀರು ಬೆಲ್ಲ, ಆಮೇಲೆ ವಿಚಾರಣೆ ಎನ್ನುವ ರೀತಿಯೂ ಆ ಪುಟಕ್ಕೆ ತಿಳಿಯದು. ನಮ್ಮ ಕಾಲದ ಹೆಂಗಸರು ಗಂಡನ ಹೆಸರನ್ನು ಸುಮ್ಮನೆ ಹೇಳುವುದಿಲ್ಲ. ಮದುವೆಮನೆಯಲ್ಲಿ ಬಾಗಿಲಿಗೆ ಅಡ್ಡಗಟ್ಟಿ ಕೇಳಿದರೆ ಒಡಪು ಕಟ್ಟಿ, ಅದರೊಳಗೆ ಹೆಸರನ್ನು ತೂರಿಸಿ ಪಾರಾಗುತ್ತೇವೆ. ನಮ್ಮನೆಯವರು ತೀರಿಕೊಂಡರೂ ನನ್ನ ನಾಚಿಕೆ ತೀರಿರಲಿಲ್ಲ. ಸೆರಗು ಸರಿಮಾಡಿಕೊಂಡು ಮೊಬೈಲಿಗೂ ಒಡಪನ್ನೇ ಹೇಳಿದೆ:

“ಬೇಲೇಕೇರಿ ಬಂದರದಲ್ಲಿ ಬೆಳ್ಳಿ ಮೀನು, ಬೀರಣ್ಣನ ಹಿತ್ತಲಿಗೆ ಬಸಳೆ ಬಳ್ಳಿ ನಾನು.”

ಅದು ಬಂದರು, ಮೀನು, ಬಸಳೆ ಸಮೇತ ಎಲ್ಲವನ್ನೂ ಗಂಡನ ಜಾಗದಲ್ಲಿ ಬರೆದುಕೊಂಡು, “ಹೆಸರು ಉದ್ದವಾಯಿತು, ಮತ್ತೆ ಹೇಳಿ” ಎಂದಿತು.

ಬಾಯಿ ಬಿಡುವುದಿಲ್ಲವೆಂದಿದ್ದ ರಶ್ಮಿ ಹೊಟ್ಟೆ ಹಿಡಿದು ನಕ್ಕಳು. “ಅಜ್ಜಿ, ಬರೇ ಹೆಸ್ರು ಸಾಕು!”

“ಅದೊಂದ್ ಬಿಟ್ಟು ಬೇರೆ ಎಂತ ಬೇಕಾದ್ರೂ ಕೇಳೂಕೆ ಹೇಳು ಅದ್ಕೆ!”

ಹೇಳದಿದ್ದರೆ ಪುಟ ಮುಂದೆ ಹೋಗದು, ದಿನ ಕಳೆದರೆ ಪಾಳಿ ಸಿಗದು. ಬೀರಣ್ಣ, ಎಂದು ಪಿಸುಗುಟ್ಟಿದೆ. ಕೇಳಿಸಲಿಲ್ಲವಂತೆ. ಬೀರಣ್ಣ! ಮತ್ತೂ ಕೇಳಿಸಲಿಲ್ಲ. ಬದುಕಿದ್ದಾಗ ಅವರಿಗೂ ನನ್ನ ಮಾತು ಒಂದೇ ಸಲಕ್ಕೆ ಕೇಳಿಸಿದ್ದಿಲ್ಲ. ಸಿಟ್ಟು ಬಂದು ಬೇಲಿಯಾಚೆಯವರಿಗೂ ಕೇಳುವಂತೆ ಕೂಗಿದೆ. ಆಗ ಒಪ್ಪಿಕೊಂಡಿತು.

ಪಾಳಿ ಸಿಕ್ಕಿತು, ಒಂದು ಕಣ್ಣಿನ ಪೊರೆಯೂ ಹೋಯಿತು. ಪೊರೆ ತೆಗೆಯಲು ಗಂಡನ ಹೆಸರು ಯಾಕೆ ಬೇಕೆಂದು ರಶ್ಮಿ ಶಿಬಿರದವರನ್ನು ಕೇಳಿದಳಂತೆ, ಅವರಿಗೂ ಗೊತ್ತಿರಲಿಲ್ಲ. ಅಕ್ಷರ ದೊಡ್ಡದು ಮಾಡಿದರು, ಆ ಪ್ರಶ್ನೆಯನ್ನೇ ತೆಗೆದುಹಾಕಿದರು. ಒಳ್ಳೆಯದೇ ಆಯಿತು.

ಮೊನ್ನೆ ಎರಡನೆಯ ಕಣ್ಣಿಗಾಗಿ ನಾನೊಬ್ಬಳೇ ಪುಟ ತುಂಬಿದೆ. ಹೆಸರು, ಊರು, ವಯಸ್ಸು ಮುಗಿದವು. ಆ ಹೆಣ್ಣುದನಿ ಮುಂದೇನೂ ಕೇಳಲಿಲ್ಲ. ನಾನು ಮೈಕು ಒತ್ತದೆಯೇ, ಬೀರಣ್ಣ ಎಂದೆ.